ಹೆಗಲು ಹಿಡಿದಿದ್ದರೆ ಎಳೆಸಬೇಡಿ

"ಅಕ್ಕಾರ, ಹೆಳಲು ಹಾಕ್ಕೊಳ್ಳಾಕ ಕೈ ಮ್ಯಾಲ ಏಳವಲ್ದ್ರೀ." ಹುಬ್ಬಳ್ಳಿಯ ನಮ್ಮ ಕ್ಲಿನಿಕ್‌ಗೆ ಬಂದ ಆ ತಾಯಿ ಗದಗ ಕಡೆಯವರು. ವಯಸ್ಸು ಐವತ್ತರ ಆಸುಪಾಸು, ಶುಗರ್ ಇದೆ. ಮೂರು ತಿಂಗಳಿಂದ ರಾತ್ರಿ ಬಲಕ್ಕೆ ಹೊರಳಿದರೆ ಎಚ್ಚರ. ಯಾರೋ ಎಣ್ಣೆ ಹಚ್ಚಿ ಕೈ ಜಗ್ಗಿದ ಮೇಲೆ ನೋವು ಇನ್ನೂ ಜಾಸ್ತಿಯಾಗಿತ್ತು.

ಮೊಣಕೈ ಮಡಿಸಿ ಪಕ್ಕೆಗೆ ಅಂಟಿಸಿಕೊಂಡು, ಮುಂಗೈ ಹೊರಗೆ ತಿರುಗಿಸಲು ಹೇಳಿದೆ. ಎಡಗೈ ಬಾಗಿಲು ತೆರೆದಂತೆ ಸಲೀಸಾಗಿ ಹೋಯಿತು. ಬಲಗೈ ಅಲ್ಲೇ ನಿಂತಿತು. ನಾನೇ ಮೆಲ್ಲಗೆ ತಿರುಗಿಸಿದರೂ ಮುಂದೆ ಹೋಗಲಿಲ್ಲ. ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲು ಬಿಗಿದು ಹಿಡಿದುಕೊಳ್ಳುವ ತೊಂದರೆ. ಅದರ ದೊಡ್ಡ ಗುರುತು ಇದೇ. ಸ್ನಾಯು ಹರಿದಿದ್ದರೆ ರೋಗಿಗೆ ಕೈ ಎತ್ತಲು ಆಗದಿದ್ದರೂ ಬೇರೆಯವರು ಎತ್ತಿದಾಗ ಸಾಮಾನ್ಯವಾಗಿ ಏಳುತ್ತದೆ.

ಹೆಗಲ ಕೀಲಿನ ಸುತ್ತ ಒಂದು ಚೀಲ ಇದೆ. ಅದು ಉರಿಯೂತದಿಂದ ದಪ್ಪಗಾಗಿ ಕುಗ್ಗುತ್ತದೆ. ಬಿಗಿ ಜಂಪರ್ ತೊಟ್ಟು ಕೈ ಎತ್ತಲು ಹೋದ ಹಾಗೆ. ಶುಗರ್ ಇದ್ದವರಲ್ಲಿ ಇದು ಹೆಚ್ಚು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಜಾಸ್ತಿ ಕಾಣುತ್ತೇವೆ.

ಮೊದಲು ನೋವಿನ ಕಾಲ, ಆಮೇಲೆ ಬಿಗಿತದ ಕಾಲ, ಕೊನೆಗೆ ಸಡಿಲಾಗುವ ಕಾಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ಯಾವ ಕಾಲಕ್ಕೆ ಯಾವ ವ್ಯಾಯಾಮ ಅನ್ನೋದೇ ಇಲ್ಲಿ ಮುಖ್ಯ. ನೋವಿನ ಕಾಲದಲ್ಲಿ ಜಗ್ಗಿದರೆ ಉರಿಯೂತ ಕೆರಳುತ್ತದೆ.

ಹಾಗಾಗಿ ಆ ತಾಯಿಗೆ ಮೊದಲು ಕೊಟ್ಟಿದ್ದು ಬಿಸಿ ಶಾಖ ಮತ್ತು ಜೋಲಾಟ. ಎಡಗೈ ಕಟ್ಟೆಗೆ ಊರಿ, ಮುಂದೆ ಬಾಗಿ, ಬಲಗೈ ಇಳಿಬಿಟ್ಟು, ರೊಟ್ಟಿಯಷ್ಟು ಅಗಲಕ್ಕೆ ಸುತ್ತು ಹಾಕುವುದು. ಎರಡು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಜೊತೆಗೆ ನಾನು ಕೀಲನ್ನು ಬಹಳ ಹಗುರವಾಗಿ ಆಡಿಸುತ್ತಿದ್ದೆ. ವ್ಯಾಯಾಮದ ನೋವು ಸ್ವಲ್ಪ ಹೊತ್ತಿಗೆ ಇಳಿಯಬೇಕು. ಮರುದಿನಕ್ಕೂ ಉಳಿದರೆ ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. "ರೊಟ್ಟಿ ಬಡಿಯೂದು ಬಿಡ್ಲೇನ್ರೀ?" ಅಂದರು. ಬಿಡಬೇಡಿ, ನೋವು ತಡೆದುಕೊಳ್ಳಲು ಆಗುವಷ್ಟು ಬಡಿಯಿರಿ ಅಂದೆ. ಕೈಯನ್ನು ಸುಮ್ನೆ ಕಟ್ಟಿ ಕೂರಿಸಿದರೆ ಇನ್ನಷ್ಟು ಬಿಗಿಯುತ್ತದೆ.

ನೋವು ತಡೆಯಲಾಗದಿದ್ದರೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಮೂಳೆ ಡಾಕ್ಟರನ್ನು ಕೇಳಿ. ಶುರುವಿನಲ್ಲೇ ಕೊಟ್ಟರೆ ಒಳ್ಳೆಯ ಉಪಯೋಗ. ಆದರೆ ಕೆಲವು ದಿನ ಶುಗರ್ ಏರುತ್ತದೆ, ನೋಡಿಕೊಳ್ಳಬೇಕು.

ಐದನೇ ತಿಂಗಳಿಗೆ ಅವರಿಗೆ ರಾತ್ರಿ ನಿದ್ದೆ ಬಂತು. ಆಗ ಜಗ್ಗುವ ವ್ಯಾಯಾಮ ಶುರು ಮಾಡಿದೆವು. ಮಲಗಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಗೆ ತಳ್ಳುವುದು. ಗೋಡೆ ಮೇಲೆ ಬೆರಳು ಹತ್ತಿಸುವುದು. ಮುಟ್ಟಿದ ಜಾಗಕ್ಕೆ ಅವರು ಪೆನ್ಸಿಲ್ ಗೀಟು ಹಾಕುತ್ತಾರೆ. ಈಗ ಕೈ ಕಿವಿ ದಾಟಿದೆ. ಹೆಳಲು ಹಾಕಲು ಇನ್ನೂ ಮಗಳೇ ಬೇಕು.