ನೈರೋಬಿಯ ಹೊರಗುತ್ತಿಗೆ: ಸಮ್ಮೇಳನದ ವೇದಿಕೆಯಿಂದ ಕೋರ್ಟ್ ಮೆಟ್ಟಿಲವರೆಗೆ

ಆಫ್ರಿಕಾದಲ್ಲಿ ಹೊರಗುತ್ತಿಗೆ ಉದ್ಯಮದ ಬಗ್ಗೆ ಮಾತು ಶುರುವಾದರೆ ಬೆಂಗಳೂರಿನ ಹೆಸರು ಬಂದೇ ಬರುತ್ತದೆ. ಇಂಗ್ಲಿಷ್ ಬಲ್ಲ ಯುವಜನರಿದ್ದಾರೆ, ಸಂಬಳ ಕಡಿಮೆ, ಒಳ್ಳೆ ಇಂಟರ್ನೆಟ್ ಒಂದು ಸಿಕ್ಕರೆ ನಮಗೂ ಆ ಯೋಗ ಬರುತ್ತದೆ ಎಂಬುದು ಅಲ್ಲಿನವರ ಲೆಕ್ಕ. ಮಂತ್ರಿಗಳು, ಹೂಡಿಕೆದಾರರು ಸೇರುವ ಸಮ್ಮೇಳನಗಳಲ್ಲಿ ಇದನ್ನೇ ಹೇಳುತ್ತಾ ಬಂದರು. ಆದರೆ 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬರುವ ಹೊತ್ತಿಗೆ ಇಲ್ಲಿ ಐಐಎಸ್‌ಸಿ, ಎಚ್‌ಎಎಲ್, ಬಿಇಎಲ್ ಎಲ್ಲಾ ಬೇರು ಬಿಟ್ಟು ದಶಕಗಳೇ ಕಳೆದಿದ್ದವು. ಆ ಭಾಗವನ್ನು ಯಾರೂ ಜಾಸ್ತಿ ಮಾತಾಡಲಿಲ್ಲ.

ಮೊದಲ ಹೆಜ್ಜೆಗಳು ಕಂಡಿದ್ದು ಘಾನಾದ ಅಕ್ರಾದಲ್ಲಿ. 2000ದ ಆಸುಪಾಸಿನಲ್ಲಿ ಎಸಿಎಸ್ ಎಂಬ ಅಮೆರಿಕದ ಕಂಪನಿ ಅಲ್ಲಿ ಕಚೇರಿ ತೆರೆದು ಆರೋಗ್ಯ ವಿಮೆಯ ಅರ್ಜಿಗಳನ್ನು ಟೈಪ್ ಮಾಡಿಸತೊಡಗಿತು. ನ್ಯೂಯಾರ್ಕಿನ ದಂಡದ ಚೀಟಿಗಳೂ ಅಕ್ರಾಗೆ ಬಂದವು. ಫುಟ್‌ಪಾತ್ ಗುಡಿಸದವರಿಗೆ, ಬೀದಿಯಲ್ಲಿ ಕಸ ಎಸೆದವರಿಗೆ ಅಲ್ಲಿನ ಅಧಿಕಾರಿಗಳು ಕೈಯಲ್ಲಿ ಗೀಚಿ ಕೊಟ್ಟ ಚೀಟಿಗಳು. ಅದನ್ನು ಸ್ಕ್ಯಾನ್ ಮಾಡಿ ಕಳಿಸಿದರೆ, ನ್ಯೂಯಾರ್ಕನ್ನು ಕಣ್ಣಲ್ಲೂ ನೋಡದ ಹುಡುಗಿಯರು ಕೂತು ಹೆಸರು, ವಿಳಾಸ, ತಪ್ಪು ಎಲ್ಲವನ್ನೂ ಕಂಪ್ಯೂಟರಿಗೆ ತುಂಬುತ್ತಿದ್ದರು.

ಟೈಪಿಂಗ್ ಆದರೆ ಹೇಗೋ ನಡೆಯುತ್ತದೆ. ಫೋನ್ ಕರೆ ಹಾಗಲ್ಲ. ಪೂರ್ವ ಆಫ್ರಿಕಾಕ್ಕೆ 2009ರವರೆಗೂ ಸಮುದ್ರದಡಿಯ ಫೈಬರ್ ಕೇಬಲ್ ಇರಲಿಲ್ಲ. ಕೀನ್ಯಾದ ರಾಜಧಾನಿ ನೈರೋಬಿಯ ಕಾಲ್ ಸೆಂಟರಿನ ಮಾತು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಇಳಿಯಬೇಕಿತ್ತು. ಹಲೋ ಅಂದರೆ ಉತ್ತರ ಕಿವಿಗೆ ಬೀಳಲು ಅರ್ಧ ಸೆಕೆಂಡು ತಡ. ಅಷ್ಟರಲ್ಲಿ ಗ್ರಾಹಕ ಇನ್ನೊಂದು ಸಲ ಹಲೋ ಅಂದಿರುತ್ತಾನೆ, ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. ಇಷ್ಟಕ್ಕೆ ಬಾಡಿಗೆಯೋ ವಿಪರೀತ.

ಹಾಗಾಗಿ ಎಲ್ಲರ ಆಸೆಯೂ ಕೇಬಲ್ ಮೇಲೆ ನೆಟ್ಟಿತ್ತು. 2008ರಲ್ಲಿ ಹೊರಬಂದ ಕೀನ್ಯಾದ 'ವಿಷನ್ 2030' ಯೋಜನೆ ಬಿಪಿಒ, ಅಂದರೆ ಹೊರಗುತ್ತಿಗೆ, ಉದ್ಯಮವನ್ನು ಆರ್ಥಿಕ ಬೆಳವಣಿಗೆಯ ಆರು ಮುಖ್ಯ ಕ್ಷೇತ್ರಗಳಲ್ಲಿ ಸೇರಿಸಿತು. 2009ರಲ್ಲಿ ಟೀಮ್ಸ್, ಸೀಕಾಮ್ ಕೇಬಲ್‌ಗಳು ಮೊಂಬಾಸಾ ದಡ ಮುಟ್ಟಿದವು. 2013ರ ಜನವರಿಯಲ್ಲಿ ಅಧ್ಯಕ್ಷ ಮ್ವಾಯ್ ಕಿಬಾಕಿ ನೈರೋಬಿಯಿಂದ ಸುಮಾರು 60 ಕಿ.ಮೀ. ದೂರದ ಕೊಂಜಾದಲ್ಲಿ, 5,000 ಎಕರೆ ಬಯಲಿನಲ್ಲಿ, ತಂತ್ರಜ್ಞಾನ ನಗರಕ್ಕೆ ಗುದ್ದಲಿ ಪೂಜೆ ಮಾಡಿದರು.

ಕೇಬಲ್ ಬಂತು, ಅಂದುಕೊಂಡಷ್ಟು ಗ್ರಾಹಕರು ಬರಲಿಲ್ಲ. ದೊಡ್ಡ ಕಂಪನಿಗಳ ಗುತ್ತಿಗೆಗಳು ಆಗಲೇ ಭಾರತ, ಫಿಲಿಪ್ಪೀನ್ಸ್ ಕೈಯಲ್ಲಿದ್ದವು. ಬ್ರಿಟನ್ನಿನ ಕರೆಗಳನ್ನು ಹಿಡಿದ ದಕ್ಷಿಣ ಆಫ್ರಿಕಾ, ಫ್ರೆಂಚ್ ಮಾತಾಡುವ ಮೊರಾಕ್ಕೊ ಮುಂದೆ ಹೋದವು. ಕೀನ್ಯಾದ ಹಲವು ಕಂಪನಿಗಳು ಕೊನೆಗೆ ತಮ್ಮದೇ ದೇಶದ ಗ್ರಾಹಕರ ಕಡೆ ತಿರುಗಿದವು. ಅಲ್ಲೇನೂ ಕಡಿಮೆ ಕೆಲಸ ಇರಲಿಲ್ಲ. 2010ರಲ್ಲಿ ಝೈನ್ ಎಂಬ ಮೊಬೈಲ್ ಕಂಪನಿಯ ಆಫ್ರಿಕಾ ವ್ಯವಹಾರವನ್ನು 10.7 ಬಿಲಿಯನ್ ಡಾಲರಿಗೆ ಕೊಂಡ ಏರ್‌ಟೆಲ್, ಅಲ್ಲಿನ ಗ್ರಾಹಕ ಸೇವೆಯನ್ನು ಐಬಿಎಂ, ಟೆಕ್ ಮಹೀಂದ್ರ, ಸ್ಪ್ಯಾಂಕೊಗಳಿಗೆ ಹೊರಗುತ್ತಿಗೆ ಕೊಟ್ಟಿತು. ಮಾತಾಡುವವರೂ ಆಫ್ರಿಕನ್ನರು, ಕೇಳುವವರೂ ಆಫ್ರಿಕನ್ನರು, ಗುತ್ತಿಗೆ ಮಾತ್ರ ಹೊರಗಿನವರದು.

ಆಮೇಲೆ ಸಮ್ಮೇಳನಗಳ ಮಾತಿನ ಧಾಟಿ ಬದಲಾಯಿತು. ಬಡ ಯುವಜನರಿಗೇ ಹುಡುಕಿ ಕೆಲಸ ಕೊಡುವ 'ಇಂಪ್ಯಾಕ್ಟ್ ಸೋರ್ಸಿಂಗ್' ಮುಂದೆ ಬಂತು. ಅಮೆರಿಕದ ದತ್ತಿ ಸಂಸ್ಥೆ ರಾಕ್‌ಫೆಲ್ಲರ್ ಫೌಂಡೇಶನ್ 2013ರಲ್ಲಿ 'ಡಿಜಿಟಲ್ ಜಾಬ್ಸ್ ಆಫ್ರಿಕಾ' ಆರಂಭಿಸಿತು. ಅಮೆರಿಕದ ಉದ್ಯಮಿ ಲೀಲಾ ಜಾನಾ 2008ರಲ್ಲಿ ಕಟ್ಟಿದ ಸಮಾಸೋರ್ಸ್ ಸಂಸ್ಥೆ, ಅಂದರೆ ಈಗಿನ ಸಮಾ, ಈ ಚಿಂತನೆಯ ಮುಖವೇ ಆಗಿತ್ತು. ಅದರ ಉದ್ದೇಶ ಒಳ್ಳೆಯದೇ ಇತ್ತು ಎಂದು ನಾನು ನಂಬುತ್ತೇನೆ. ಆದರೆ ಬೆಲೆ ಕಟ್ಟುವವರು ಮಾತ್ರ ಸಾಗರದಾಚೆಯೇ ಉಳಿದರು.

ಅದರ ಪರಿಣಾಮ ಕಂಡಿದ್ದು 2022ರ ಫೆಬ್ರವರಿಯಲ್ಲಿ. ಸಮಾದ ನೈರೋಬಿ ಕಚೇರಿಯಲ್ಲಿ ಫೇಸ್‌ಬುಕ್ಕಿಗಾಗಿ ಕೊಲೆ, ಅತ್ಯಾಚಾರದ ವಿಡಿಯೊಗಳನ್ನು ನೋಡಿ ತೆಗೆದುಹಾಕುವವರಲ್ಲಿ ಕೆಲವರಿಗೆ ಗಂಟೆಗೆ ಒಂದೂವರೆ ಡಾಲರಷ್ಟೇ ಸಿಗುತ್ತಿದೆ ಎಂದು ಟೈಮ್ ಪತ್ರಿಕೆ ವರದಿ ಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿ ದುಡಿದಿದ್ದ ಡೇನಿಯಲ್ ಮೊಟೌಂಗ್ ಸಮಾ ಮತ್ತು ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾ ಎರಡರ ಮೇಲೂ ಮೊಕದ್ದಮೆ ಹೂಡಿದರು. ಇವರು ನಮ್ಮ ನೌಕರರೇ ಅಲ್ಲ ಎಂಬುದು ಮೆಟಾ ವಾದ. ಹಾಗಾದರೆ ಮಾಲೀಕ ಯಾರು? ನಮ್ಮ ಊರುಗಳ ಗುತ್ತಿಗೆ ಪೌರಕಾರ್ಮಿಕರು ವರ್ಷಗಟ್ಟಲೆ ಕೇಳಿದ್ದೂ ಇದನ್ನೇ ಅಲ್ವಾ?

2023ರ ಮೇ ದಿನದಂದು ನೈರೋಬಿಯಲ್ಲಿ ಬೇರೆಯೇ ಥರದ ಸಭೆ ನಡೆಯಿತು. ಫೇಸ್‌ಬುಕ್, ಟಿಕ್‌ಟಾಕ್, ಚಾಟ್‌ಜಿಪಿಟಿಗಾಗಿ ದುಡಿದ 150ಕ್ಕೂ ಹೆಚ್ಚು ಮಂದಿ ಸೇರಿ ಸಂಘ ಕಟ್ಟಲು ಮತ ಹಾಕಿದರು. ಇಷ್ಟು ವರ್ಷಗಳ ಸಮ್ಮೇಳನಗಳಿಗಿಂತ ಈ ಒಂದು ಸಭೆ ನನಗೆ ದೊಡ್ಡದಾಗಿ ಕಾಣುತ್ತದೆ. ಉದ್ಯೋಗ ಎಷ್ಟು ಎಂಬುದರ ಜೊತೆಗೆ ಎಂಥ ಉದ್ಯೋಗ ಎಂದೂ ಅಲ್ಲಿ ಕೇಳಲಾಯಿತು, ಕೇಳಿದ್ದೂ ದುಡಿದವರೇ.

2024ರ ಸೆಪ್ಟೆಂಬರಿನಲ್ಲಿ ಕೀನ್ಯಾದ ಮೇಲ್ಮನವಿ ನ್ಯಾಯಾಲಯ ಮೆಟಾ ವಿರುದ್ಧದ ಮೊಕದ್ದಮೆಗಳು ಅಲ್ಲೇ ನಡೆಯಬಹುದು ಎಂದಿತು. ಆದರೆ ಅದೇ ವರ್ಷ ಅಲ್ಲಿನ ಸಂಸತ್ತಿಗೆ ಬಂದ ಒಂದು ಮಸೂದೆ ಬೇರೆ ದಾರಿ ಹಿಡಿದಿತ್ತು. ಹೊರಗುತ್ತಿಗೆ ನೌಕರರ ದೂರಿಗೆ ಸ್ಥಳೀಯ ಕಂಪನಿಯೇ ಹೊಣೆ, ಕೆಲಸ ಕೊಟ್ಟ ವಿದೇಶಿ ಕಂಪನಿಯಲ್ಲ ಎಂಬ ಅಂಶ ಅದರಲ್ಲಿತ್ತು. ಇದಕ್ಕೆ ಸರ್ಕಾರದ ಕಡೆಯವರು ಕೊಟ್ಟ ಕಾರಣ ಹೂಡಿಕೆ ಮತ್ತು ಉದ್ಯೋಗ.