ಬೋರ್ಡಿನ ಸ್ಪೀಡು, ಟೈಮಿಂಗಿನ ಸ್ಪೀಡು

ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವಾಗ ನನಗೆ ಇಷ್ಟದ ಜಾಗ ಡ್ರೈವರ್ ಹಿಂದಿನ ಸೀಟು. ಅಲ್ಲಿಂದ ರಸ್ತೆಯೂ ಕಾಣುತ್ತದೆ, ಡ್ರೈವರ್ ಕಣ್ಣು ಎಲ್ಲಿದೆ ಎನ್ನುವುದೂ ಕಾಣುತ್ತದೆ. ಗಣಪತಿ ಫೋಟೋಗೆ ಮಲ್ಲಿಗೆ, ಪಕ್ಕದಲ್ಲಿ ನೇತುಹಾಕಿದ ಒಂದು ವಾಚು. ಸ್ಪೀಡೋಮೀಟರಿನ ಮುಳ್ಳು ಎಷ್ಟೋ ಬಸ್ಸುಗಳಲ್ಲಿ ಸೊನ್ನೆಯ ಹತ್ತಿರ ಸುಮ್ನೆ ಮಲಗಿರುತ್ತದೆ. ವಾಚು ಮಾತ್ರ ಯಾವತ್ತೂ ಕೆಡುವುದಿಲ್ಲ. ಕೂಳೂರು ಸೇತುವೆ ಹತ್ತಿರ ಬ್ಲಾಕ್ ಆಗಿ ನಾಲ್ಕು ನಿಮಿಷ ಹೋಯಿತು ಎಂದಿಟ್ಟುಕೊಳ್ಳಿ. ಡ್ರೈವರ್ ಒಮ್ಮೆ ವಾಚು ನೋಡುತ್ತಾರೆ, ಒಮ್ಮೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಬಂತಾ ಎಂದು ನೋಡುತ್ತಾರೆ. ಆಮೇಲೆ ಮುಕ್ಕ ದಾಟುವ ಹೊತ್ತಿಗೆ ಕಿಟಕಿ ಗಾಜು ಗಡಗಡ ಅನ್ನಲು ಶುರು. ಬದಿಯಲ್ಲಿ ವೇಗಮಿತಿಯ ಬೋರ್ಡ್ ಬಂದು ಹೋಗುತ್ತದೆ. ಅವರು ನೋಡುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡುವುದಿಲ್ಲ.

ವೇಗಮಿತಿ ಇಳಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಜೋರು. ಕಾರಿನವರಿಗೆ ಸಿಟ್ಟು, ಬಸ್ಸಿನವರಿಗೆ ನಗು, ರಿಕ್ಷಾದವರಿಗೆ ಅದು ತಮ್ಮ ವಿಷಯವೇ ಅಲ್ಲ. ಯಾಕೆ ಹೀಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದಕ್ಕೆ ಎಂದರೆ 1914ಕ್ಕೆ. ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಹಿರಿಯರ ಬಾಯಲ್ಲಿ ಸಿಪಿಸಿ, ಮಂಗಳೂರು–ಬಂಟ್ವಾಳ ನಡುವೆ ಬಸ್ಸು ಓಡಿಸಿದ್ದು ಆ ವರ್ಷ. ದೇಶಕ್ಕೆ ಮೋಟಾರು ವಾಹನಗಳ ಕಾನೂನು ಬಂದದ್ದೂ ಅದೇ ವರ್ಷ. ಅದು ಹೋಗಿ 1939ರ ಕಾನೂನು ಬಂತು, ಅದೂ ಹೋಗಿ ಈಗಿನ 1988ರ ಕಾಯ್ದೆ ಬಂತು. ಕಾಯ್ದೆಯ 112ನೇ ಕಲಂ ವೇಗಮಿತಿಯದ್ದು. ಗರಿಷ್ಠ ಎಷ್ಟು ಎಂದು ಕೇಂದ್ರ ಹೇಳುತ್ತದೆ. ರಸ್ತೆ, ಸೇತುವೆ, ಜನರ ಸುರಕ್ಷತೆ ನೋಡಿ ಅದನ್ನು ಇನ್ನೂ ಇಳಿಸುವ ಅಧಿಕಾರ ರಾಜ್ಯಕ್ಕೆ ಅಥವಾ ರಾಜ್ಯ ಅಧಿಕಾರ ಕೊಟ್ಟವರಿಗೆ. ಇಳಿಸಿದರೆ ಅಲ್ಲಿ ಬೋರ್ಡ್ ಹಾಕಲೇಬೇಕು. ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಒಂದು ತಿಂಗಳೊಳಗಿನ ನಿರ್ಬಂಧಕ್ಕೆ ಮಾತ್ರ ಗೆಜೆಟ್ ಬೇಡ.

ಅಂಕಿಗಳು ಜನರ ಬಾಯಿಗೆ ಬಂದದ್ದು 2018ರಲ್ಲಿ. ಆ ಏಪ್ರಿಲ್‌ನಲ್ಲಿ ಕೇಂದ್ರ ಹೊಸ ಪಟ್ಟಿ ಹೊರಡಿಸಿತು. ಮಧ್ಯೆ ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್, ಬಸ್ಸಿಗೆ 90, ಲಾರಿಗೆ ಮತ್ತು ಬೈಕಿಗೆ 80. ಪೇಟೆಯೊಳಗೆ ಕಾರಿಗೆ 70. ಮಂಗಳೂರು–ಉಡುಪಿ ದಾಟಿ ಹೋಗುವ ನಮ್ಮ ಹಳೆಯ ರಾಷ್ಟ್ರೀಯ ಹೆದ್ದಾರಿ 17 ಆಗಲೇ 66 ಆಗಿತ್ತು, ಎರಡು ಲೇನು ಬಹುತೇಕ ಕಡೆ ನಾಲ್ಕಾಗಿತ್ತು. ತಲಪಾಡಿಯಿಂದ ಕುಂದಾಪುರದವರೆಗೆ ಕಾರಿನವರ ಲೆಕ್ಕ ಸರಳ: ನಾಲ್ಕು ಲೇನು ಉಂಟು, ಡಿವೈಡರ್ ಉಂಟು, ಹಾಗಾದರೆ 100. 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆ ಅಧಿಸೂಚನೆಯನ್ನೇ ರದ್ದು ಮಾಡಿ, ಮಿತಿ ಇಳಿಸಿ ಹೊಸದು ತನ್ನಿ ಎಂದಿತು. ಎಂಜಿನ್ ಚೆನ್ನಾಗಿದೆ, ರಸ್ತೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅಪಘಾತ ಕಡಿಮೆ ಆಗುವುದಿಲ್ಲ ಎನ್ನುವುದು ಕೋರ್ಟಿನ ವಾದ. ಆದರೆ 100 ಎಂಬ ಅಂಕಿ ಅಷ್ಟರಲ್ಲಿ ಎಲ್ಲರ ತಲೆಯಲ್ಲಿ ಕೂತಾಗಿತ್ತು. ಹಾಗಾಗಿ ಇವತ್ತು ಯಾವುದೋ ಜಂಕ್ಷನ್ ಹತ್ತಿರ 40 ಎಂದು ಬರೆದರೆ ಅದು ಅವರಿಗೆ ಮಿತಿಯಾಗಿ ಕಾಣುವುದಿಲ್ಲ, ತಮ್ಮ 60 ಯಾರೋ ಕಿತ್ತುಕೊಂಡ ಹಾಗೆ ಕಾಣುತ್ತದೆ.

ಅವರ ತಕರಾರಿನಲ್ಲಿ ಸತ್ಯ ಇಲ್ಲ ಎಂದಲ್ಲ. ರಸ್ತೆಯನ್ನು ಓಡಲು ಎಂದೇ ಕಟ್ಟಿ, ಬೋರ್ಡಿನಲ್ಲಿ ತೆವಳಿ ಎಂದು ಬರೆದರೆ ಕಾಲು ಬೋರ್ಡಿನ ಮಾತು ಕೇಳುವುದಿಲ್ಲ, ರಸ್ತೆಯ ಮಾತು ಕೇಳುತ್ತದೆ. ಆದರೆ ನಮ್ಮ 66 ಬರೀ ಹೆದ್ದಾರಿಯಾ? ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ, ಎಲ್ಲ ಕಡೆ ಅದು ಊರಿನ ಮುಖ್ಯ ಬೀದಿಯೂ ಹೌದು. ಪಶ್ಚಿಮದಲ್ಲಿ ಮನೆ, ಪೂರ್ವದಲ್ಲಿ ಶಾಲೆ. ಯು-ಟರ್ನ್ ದೂರ ಎಂದು ಎದುರಿನಿಂದಲೇ ಬರುವ ಸ್ಕೂಟರ್. ಸರ್ವಿಸ್ ರಸ್ತೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದಕ್ಕೆ ಕರಾವಳಿ ಕಂಡುಕೊಂಡ ಉಪಾಯ ಬ್ಯಾರಿಕೇಡ್. ಜಂಕ್ಷನ್ ಬಂದ ಕೂಡಲೇ ಎಡಕ್ಕೊಂದು, ಬಲಕ್ಕೊಂದು, ಹಾವಿನ ಹಾಗೆ ಸುತ್ತಿ ಹೋಗಬೇಕು. ಮೇಲೆ ಯಾವುದೋ ಚಿನ್ನದಂಗಡಿಯ ಜಾಹೀರಾತು. ಬೋರ್ಡಿಗೆ ಬಗ್ಗದವರು ಬ್ಯಾರಿಕೇಡಿಗೆ ಬಗ್ಗುತ್ತಾರೆ. ಆದರೆ ರಾತ್ರಿ ಮಳೆಯಲ್ಲಿ ರಿಫ್ಲೆಕ್ಟರ್ ಕಿತ್ತುಹೋದ ಬ್ಯಾರಿಕೇಡ್ ಎದುರಾದರೆ ಏನು ಕತೆ ಎಂದು ಲಾರಿಯವರನ್ನು ಕೇಳಿ.

ಮಳೆ ಎಂದದ್ದು ಸುಮ್ನೆ ಅಲ್ಲ. 60ರಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ, 40ರಲ್ಲಿ 11. ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು ಎಂದು ಹಿಡಿದರೂ, ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು 60ಕ್ಕೆ 50 ಮೀಟರ್ ಹತ್ತಿರ ಬೇಕು, 40ಕ್ಕೆ 27 ಸಾಕು. ನಲವತ್ತು ಮೀಟರ್ ದೂರದಲ್ಲಿ ಕೊಡೆ ಹಿಡಿದು ಡಿವೈಡರ್ ದಾಟುವ ಅಜ್ಜಿಗೆ ಇದೇ ವ್ಯತ್ಯಾಸ.

ಇಷ್ಟು ವರ್ಷ ಬೋರ್ಡಿಗೆ ಯಾರೂ ಹೆದರದ್ದಕ್ಕೆ ಕಾರಣವೂ ಕಾನೂನಿನಲ್ಲೇ ಇದೆ. 183ನೇ ಕಲಂ ಪ್ರಕಾರ, ಜಾಸ್ತಿ ಸ್ಪೀಡಿನಲ್ಲಿ ಹೋದ ಹಾಗೆ ಕಂಡಿತು ಎಂದು ಒಬ್ಬ ಸಾಕ್ಷಿ ಹೇಳಿದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡುವ ಹಾಗಿಲ್ಲ. ಅಳೆಯುವ ಯಂತ್ರ ಬೇಕು. ಸ್ಪೀಡ್ ಗನ್, ಕ್ಯಾಮೆರಾ ಬರುವವರೆಗೆ ಬೋರ್ಡ್ ಹೆಚ್ಚುಕಡಿಮೆ ಅಲಂಕಾರ. 2019ರ ತಿದ್ದುಪಡಿ ದಂಡವನ್ನು ಏರಿಸಿತು: ಲಘು ವಾಹನಕ್ಕೆ ಕನಿಷ್ಠ 1,000, ಗರಿಷ್ಠ 2,000 ರೂಪಾಯಿ, ಬಸ್ಸು ಲಾರಿಗಳಿಗೆ ಕನಿಷ್ಠ 2,000, ಗರಿಷ್ಠ 4,000. 2024ರಲ್ಲಿ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಅವರು, ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್‌ಐಆರ್ ಎಂದು ಹೇಳಿದರು. ಇನ್ನೊಂದು ಕಡೆ 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಸರಿಯಾದ ಸಮಯಕ್ಕೆ ಪೂರ್ತಿ ಕಟ್ಟಿದವರು ತಾವೇ ಪೆದ್ದರಾದೆವು ಅಂದುಕೊಂಡರೆ ತಪ್ಪೇನು?

ಟ್ಯಾಂಕರಿನವರ ಸಂಕಟ ಬೇರೆ. 2015ರ ನಿಯಮದಂತೆ ಟ್ಯಾಂಕರ್, ಟಿಪ್ಪರ್, ಶಾಲಾ ಬಸ್ಸುಗಳಿಗೆ 60ರ ಸ್ಪೀಡ್ ಗವರ್ನರ್, ಅಂದರೆ ಅದಕ್ಕಿಂತ ಜಾಸ್ತಿ ಓಡದ ಹಾಗೆ ತಡೆಯುವ ಸಾಧನ. ಬೈಕಂಪಾಡಿಯಿಂದ ಹೊರಟ ಗ್ಯಾಸ್ ಟ್ಯಾಂಕರ್ 60ರಲ್ಲಿ ಹೋಗುತ್ತಿರುತ್ತದೆ, ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಮಲ್ಪೆಯಿಂದ ಹೊರಡುವ ಮೀನಿನ ಗಾಡಿಗಳಿಗೆ ಮಂಜುಗಡ್ಡೆ ಕರಗುವುದೇ ಗಡಿಯಾರ.

ಈಗ ಬಸ್ಸಿಗೆ ಬರೋಣ. ಇಡೀ ವಿಷಯದ ಗಂಟು ಇಲ್ಲಿದೆ ಎಂದು ನನಗನಿಸುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಜನ ಓಡಾಡುವುದು ಬಹುಪಾಲು ಖಾಸಗಿ ಬಸ್ಸಿನಲ್ಲಿ. ಪರ್ಮಿಟ್ ಜೊತೆ ಟೈಮಿಂಗ್ ಬರುತ್ತದೆ. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಬಿಡಬೇಕು, ಇಷ್ಟಕ್ಕೆ ಮುಟ್ಟಬೇಕು. ಹಿಂದೆ ಇನ್ನೊಂದು ಬಸ್ಸು ಕೆಲವೇ ನಿಮಿಷ ಬಿಟ್ಟು. ತಡವಾದರೆ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಹತ್ತಿರ ಜಗಳ, ನಿಮ್ಮ ಜನ ಹಿಂದಿನ ಬಸ್ಸಿಗೆ, ಕಲೆಕ್ಷನ್ ಕಮ್ಮಿ, ತೀರಾ ತಡವಾದರೆ ಟ್ರಿಪ್ ಕಟ್. ಕಂಡಕ್ಟರ್ ತಗಡು ಬಡಿದು "ರೈಟ್ ಪೋಯಿ" ಎನ್ನುವುದರಲ್ಲಿ ಇದೆಲ್ಲ ಸೇರಿದೆ.

ಮಂಗಳೂರು–ಉಡುಪಿ ಸುಮಾರು 55 ಕಿಲೋಮೀಟರ್. ಒಂದೇ ಸಮ 80ರಲ್ಲಿ ಹೋದರೆ 41 ನಿಮಿಷ, 60ರಲ್ಲಿ 55. ನಡುವೆ 14 ನಿಮಿಷ. ಕಾರಿನವನಿಗೆ ಅದು ಒಂದು ಚಾ ಕುಡಿಯುವ ಹೊತ್ತು. ಬಸ್ಸಿನವರಿಗೆ ಅಷ್ಟರಲ್ಲಿ ಹಿಂದಿನ ಬಸ್ಸು ಮುಂದೆ ಹೋಗಿಯಾಯಿತು. ಮಿತಿ ಇಳಿಸಿ, ಟೈಮಿಂಗ್ ಹಾಗೆಯೇ ಬಿಟ್ಟರೆ ಆ 14 ನಿಮಿಷ ಎಲ್ಲಿಂದ ತರಬೇಕು? ಬಸ್ ಡ್ರೈವರುಗಳ ನಗುವಿನ ಹಿಂದೆ ಇರುವ ಪ್ರಶ್ನೆ ಇದೇ.

ತಮಾಷೆ ಎಂದರೆ ಇದನ್ನು ಕಾನೂನು ಮೊದಲೇ ಯೋಚಿಸಿದೆ. ಅದೇ 183ರ ನಾಲ್ಕನೇ ಉಪಕಲಂ ನೋಡಿ. ವೇಗಮಿತಿ ಮೀರದೆ ಮುಟ್ಟಲು ಆಗದಂಥ ಟೈಮ್ ಟೇಬಲ್ ಹೊರಡಿಸಿದರೆ, ಆ ಟೈಮ್ ಟೇಬಲ್ಲೇ ಅದನ್ನು ಹೊರಡಿಸಿದವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. 1939ರ ಕಾನೂನಿನಿಂದಲೇ ಹೀಗೆ ಬಂದದ್ದು. ಕೆಲಸಗಾರನಿಂದ ಮಿತಿ ಮೀರಿ ಓಡಿಸಿದ ಮಾಲೀಕನಿಗೂ ದಂಡ ಉಂಟು. ಎಂಬತ್ತು ವರ್ಷಗಳಿಂದ ಪುಸ್ತಕದಲ್ಲಿರುವ ಈ ಸಾಲನ್ನು ಯಾವ ಬಸ್ ಸ್ಟ್ಯಾಂಡಿನಲ್ಲೂ ನಾನು ಅಂಟಿಸಿದ್ದು ನೋಡಿಲ್ಲ.

ಇನ್ನೊಂದು ವಿಷಯ. ಮಂಗಳೂರಿನಲ್ಲಿ 2010ರಿಂದ ಪೊಲೀಸ್ ಕಮಿಷನರೇಟ್ ಇದೆ, ನಗರದ ಸಂಚಾರದ ಆದೇಶ ಅಲ್ಲಿಂದ. ಉಡುಪಿಯಲ್ಲಿ ಅದು ಜಿಲ್ಲಾಧಿಕಾರಿಯದ್ದು. ಬಸ್ಸಿಗೆ ಪರ್ಮಿಟ್, ಟೈಮಿಂಗ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ಜಿಲ್ಲಾಧಿಕಾರಿಯೇ. ಅಂದರೆ ಮಣಿಪಾಲದಲ್ಲಿರುವ ಉಡುಪಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ಪೀಡಿನ ಫೈಲು ಮತ್ತು ಟೈಮಿಂಗಿನ ಫೈಲು ಒಂದೇ ಮೇಜಿಗೆ ಬರುತ್ತವೆ. ಬೇರೆ ಬೇರೆ ದಿನ ಬರುತ್ತವೆ, ಅಷ್ಟೆ.

ಮೊನ್ನೆಯೂ ಅದೇ ಸೀಟು. ಕರಾವಳಿ ಜಂಕ್ಷನ್ ತಿರುಗಿ ಸಿಟಿಗೆ ಹೊಕ್ಕಾಗ ಡ್ರೈವರ್ ಇನ್ನೊಮ್ಮೆ ವಾಚು ನೋಡಿದರು. ಎರಡು ನಿಮಿಷ ಮೊದಲೇ ಮುಟ್ಟಿದ್ದೆವು. ಸ್ಟ್ಯಾಂಡಿನಲ್ಲಿ ನಮ್ಮ ಜಾಗ ಇನ್ನೂ ಖಾಲಿಯಾಗಿರಲಿಲ್ಲ. ಮುಂದಿನ ಬಸ್ಸು ಹೊರಡುವವರೆಗೆ ಗೇಟಿನ ಹೊರಗೆ, ಎಂಜಿನ್ ಆಫ್ ಮಾಡದೆ, ಕಾದು ನಿಂತೆವು.