ಅಕ್ಷರವಿಲ್ಲದ ಬಂಡೆಯ ವಯಸ್ಸು

ಹೆಬ್ಬಾಳದ ಕಿಟ್ಟಯ್ಯನ ಕಲ್ಲು ತನ್ನ ಕಾಲವನ್ನು ತಾನೇ ಹೇಳಿಕೊಳ್ಳುತ್ತದೆ. ಗಂಗರ ಶ್ರೀಪುರುಷ ಆಳುತ್ತಿದ್ದಾಗ ಕಾದಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಲಿಪಿ ಬಲ್ಲವರು ಓದಿ ಸುಮಾರು ಕ್ರಿ.ಶ. 750 ಎನ್ನುತ್ತಾರೆ. ‘ಬೆಂಗಳೂರು ಕಾಳಗ’ವನ್ನು ಹೇಳುವ ಬೇಗೂರಿನ ಕಲ್ಲೂ ಅದೇ ಜಾತಿಯದು. ಬೆಂಗಳೂರಿನವರಿಗೆ ಹಳೆಯ ಕಲ್ಲೆಂದರೆ ಓದಬಹುದಾದ ಕಲ್ಲು. ಅದೇ ರೂಢಿಯಲ್ಲಿ ಸೌದಿ ಅರೇಬಿಯಾದ ಜುಬ್ಬಾದ ಬಂಡೆಗಳ ಮುಂದೆ ಹೋಗಿ ನಿಂತರೆ ಕಣ್ಣು ಮೊದಲು ಅಕ್ಷರ ಹುಡುಕುತ್ತದೆ. ಅಕ್ಷರ ಇಲ್ಲವೆಂದಲ್ಲ, ಇವೆ. ಆದರೆ ಅವು ತೀರಾ ಈಚಿನವು. ಅವುಗಳ ಅಡಿಯಲ್ಲಿ ಮಾಸಿ ಕಪ್ಪಾದ ದನಗಳಿವೆ, ಬಿಲ್ಲು ಹಿಡಿದ ಜನರಿದ್ದಾರೆ. ಆ ದನ ಯಾವ ಕಾಲದ್ದು?

ರಿಯಾದ್‌ನಲ್ಲಿ ಕೆಲಸಕ್ಕಿರುವ ನಮ್ಮ ಭಾವ ಕಾರು ಓಡಿಸಿಕೊಂಡು ಬಂದಿದ್ದರು. ಬೇಲಿ ದಾಟಿ, ಮೆಟ್ಟಿಲು ಹತ್ತಿ, ಮೊದಲ ಬಂಡೆ ನೋಡುತ್ತಿದ್ದಂತೆ ಅವರು ಕೇಳಿದ್ದೂ ಅದನ್ನೇ. “ಅಲ್ಲಯ್ಯ, ಇದರ ಮೇಲೆ ಏನೂ ಬರೆದಿಲ್ಲ. ಹತ್ತು ಸಾವಿರ ವರ್ಷ ಅಂತ ಯಾರು ಹೇಳಿದ್ದು ಇವರಿಗೆ?” ನ್ಯಾಯವಾದ ಪ್ರಶ್ನೆ. ವಸ್ತುಸಂಗ್ರಹಾಲಯಗಳ ಫಲಕಗಳು ಇದಕ್ಕೆ ಉತ್ತರ ಕೊಡುವುದು ಕಡಿಮೆ. ‘ಇಷ್ಟು ಸಾವಿರ ವರ್ಷ ಹಿಂದಿನದು’ ಎಂದು ಬರೆದು ಮುಂದಿನ ಗಾಜಿನ ಪೆಟ್ಟಿಗೆಗೆ ಕಳಿಸಿಬಿಡುತ್ತವೆ. ಆ ಅಂಕಿಯ ಹಿಂದಿನ ಕಥೆಯೇ ನನಗೆ ಚಿತ್ರಗಳಿಗಿಂತ ಹೆಚ್ಚು ರುಚಿಸುತ್ತದೆ.

ಜುಬ್ಬಾ ಇರುವುದು ಹಾಯಿಲ್ ನಗರದ ವಾಯವ್ಯಕ್ಕೆ, ನಫೂದ್ ಮರಳುಗಾಡಿನ ಒಳಗೆ. ಸುತ್ತ ಕೆಂಪು ಮರಳಿನ ದಿಬ್ಬಗಳು, ನಡುವೆ ಒಂದು ತಗ್ಗು, ಅದರಲ್ಲಿ ಊರು. ಪಶ್ಚಿಮದಿಂದ ಬೀಸುವ ಗಾಳಿಗೆ ಜಬಲ್ ಉಮ್ ಸಿನ್ಮಾನ್ ಎಂಬ ಮರಳುಗಲ್ಲಿನ ಬೆಟ್ಟ ಅಡ್ಡ ನಿಂತಿರುವುದರಿಂದ ಅದರ ಮರೆಯ ತಗ್ಗು ಮರಳಿನಿಂದ ಮುಚ್ಚಿಹೋಗಿಲ್ಲ. ಒಂದು ಕಾಲಕ್ಕೆ ಈ ತಗ್ಗಿನಲ್ಲಿ ಕೆರೆ ಇತ್ತು, ಅದರ ಕೆಸರು ಒಣಗಿ ಪದರಗಳಾಗಿ ಇಂದಿಗೂ ಉಳಿದಿದೆ. ಕೆರೆಯಿದ್ದಲ್ಲಿ ಪ್ರಾಣಿ, ಪ್ರಾಣಿಯಿದ್ದಲ್ಲಿ ಬೇಟೆಗಾರ, ಬೇಟೆಗಾರನ ಬೆನ್ನಿಗೆ ಚಿತ್ರ. ಇಲ್ಲಿನ ಮತ್ತು ದಕ್ಷಿಣಕ್ಕಿರುವ ಶುವೈಮಿಸ್‌ನ ಬಂಡೆಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ವಯಸ್ಸಿನ ವಿಚಾರ. ಇದ್ದಿಲಿನಿಂದ ಬರೆದ ಚಿತ್ರವಾದರೆ ಅದರಲ್ಲಿ ಇಂಗಾಲವಿರುತ್ತದೆ, ರೇಡಿಯೊಕಾರ್ಬನ್ ವಿಧಾನದಿಂದ ಕಾಲ ಅಳೆಯಬಹುದು. ಕುಟ್ಟಿ ಕೆತ್ತಿದ ಚಿತ್ರದಲ್ಲಿ ಏನಿದೆ? ಕಲ್ಲನ್ನು ತೆಗೆದ ಜಾಗ, ಅಷ್ಟೇ. ಕಲ್ಲಿನ ವಯಸ್ಸು ಕಟ್ಟಿಕೊಂಡು ಪ್ರಯೋಜನವಿಲ್ಲ, ಅದು ಕೋಟಿಗಟ್ಟಲೆ ವರ್ಷಗಳದ್ದು. ನಮಗೆ ಬೇಕಾದದ್ದು ಪೆಟ್ಟು ಬಿದ್ದ ದಿನದ್ದು.

ಮರುಭೂಮಿಯ ಬಂಡೆಗಳು ಹೊರಗೆ ಕಂದುಗಪ್ಪು, ಒಳಗೆ ತಿಳಿ ಬಣ್ಣ. ಹೊರಗಿನ ಆ ಲೇಪಕ್ಕೆ ‘ಮರುಭೂಮಿ ವಾರ್ನಿಷ್’ ಎಂಬ ಹೆಸರಿದೆ. ಗಾಳಿ ತರುವ ದೂಳಿನ ಜೇಡಿ ಕಣಗಳನ್ನು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್‌ಗಳು ಅಂಟಿಸಿ ಹಿಡಿದಿರುತ್ತವೆ. ಸಾವಿರ ವರ್ಷಕ್ಕೆ ಕೆಲವೇ ಮೈಕ್ರೋಮೀಟರ್‌ಗಳಷ್ಟು, ಹೆಚ್ಚೆಂದರೆ ಕೆಲವು ಹತ್ತು ಮೈಕ್ರೋಮೀಟರ್‌ಗಳಷ್ಟು ಬೆಳೆಯುವ ಪದರ ಇದು. ಸುತ್ತಲಿನ ಮಣ್ಣಿಗಿಂತ ಇದರಲ್ಲಿ ಮ್ಯಾಂಗನೀಸ್ ಎಷ್ಟೋ ಪಟ್ಟು ಹೆಚ್ಚು. ಅದು ಹೇಗೆ ಕೂಡಿಕೊಂಡಿತು ಎಂಬುದರ ಮೇಲೆ ಬಹುಕಾಲದ ಜಗಳವಿದೆ. ತೀವ್ರ ಬಿಸಿಲಿನಲ್ಲಿ ಬದುಕುವ ಕ್ರೂಕಾಕ್ಸಿಡಿಯಾಪ್ಸಿಸ್ ಎಂಬ ಸಯನೋಬ್ಯಾಕ್ಟೀರಿಯಾ ತನ್ನ ರಕ್ಷಣೆಗೆ ಮ್ಯಾಂಗನೀಸ್ ತುಂಬಿಕೊಳ್ಳುತ್ತದೆ, ಸತ್ತ ಮೇಲೆ ಅದನ್ನು ಬಂಡೆಗೇ ಬಿಟ್ಟು ಹೋಗುತ್ತದೆ ಎಂದು 2021ರ ಅಧ್ಯಯನವೊಂದು ವಾದಿಸಿತು. ನನಗೆ ಈ ವಾದ ಹಿಡಿಸಿದೆ. ಆದರೆ ಎಲ್ಲರೂ ಒಪ್ಪಿದ್ದಾರೆ ಎನ್ನುವ ಹಾಗಿಲ್ಲ.

ಸೌದೆ ಒಲೆಯ ಹಂಡೆಯ ಮಸಿಯನ್ನು ಉಗುರಿನಿಂದ ಕೆರೆದರೆ ತಾಮ್ರ ಹೊಳೆಯುವಂತೆ, ವಾರ್ನಿಷ್ ಒಡೆದರೆ ಒಳಗಿನ ತಿಳಿ ಕಲ್ಲು ಕಾಣುತ್ತದೆ. ಹೊಸದಾಗಿ ಕೆತ್ತಿದ ಒಂಟೆ ಅದಕ್ಕೇ ಎದ್ದು ಕಾಣುತ್ತದೆ. ಕೆತ್ತಿದ ಮರುದಿನದಿಂದಲೇ ಗೀರಿನೊಳಗೆ ಮತ್ತೆ ಲೇಪ ಶುರುವಾಗುತ್ತದೆ, ಹಾಗಾಗಿ ಹೆಚ್ಚು ಕಪ್ಪಾದದ್ದು ಹೆಚ್ಚು ಹಳೆಯದು. ಒಂದೇ ಬಂಡೆಯ ಮೇಲೆ ಒಂದೇ ಮುಖಕ್ಕಿರುವ ಚಿತ್ರಗಳನ್ನು ಹೀಗೆ ಹಿಂದುಮುಂದಾಗಿ ಜೋಡಿಸಬಹುದು. ಬೆಟ್ಟದ ಆಚೆ ಬದಿಯ ಬಂಡೆಗೆ ಇದೇ ಲೆಕ್ಕ ಹಾಕಿದರೆ ಎಡವಟ್ಟಾಗುತ್ತದೆ, ಏಕೆಂದರೆ ಬಿಸಿಲು, ಇಬ್ಬನಿ, ದೂಳು ಒಂದೊಂದು ಕಡೆ ಒಂದೊಂದು ರೀತಿ.

ಮತ್ತೊಂದು ಸುಳಿವು ಚಿತ್ರಗಳು ಒಂದರ ಮೇಲೊಂದು ಹತ್ತಿಕೊಂಡಿರುವುದು. ಜುಬ್ಬಾ ಮತ್ತು ಶುವೈಮಿಸ್‌ನಲ್ಲಿ ಬೇಟೆಯ ದೃಶ್ಯಗಳು ಅಡಿಯಲ್ಲಿ, ಉದ್ದ ಕೊಂಬಿನ ಸಾಕುದನಗಳು ಅವುಗಳ ಮೇಲೆ, ಒಂಟೆ ಮತ್ತು ಥಮೂದಿಕ್ ಎಂಬ ಪ್ರಾಚೀನ ಅರೇಬಿಯಾದ ಲಿಪಿಯ ಅಕ್ಷರಗಳು ಎಲ್ಲಕ್ಕೂ ಮೇಲೆ. ಬೇಟೆಯ ದೃಶ್ಯಗಳಲ್ಲಿ ನಾಯಿಗಳಿವೆ! ಎರಡೂ ಕಡೆಯ 1,400ಕ್ಕೂ ಹೆಚ್ಚು ಬಂಡೆಮುಖಗಳನ್ನು ಪಟ್ಟಿ ಮಾಡಿದ ಸಂಶೋಧಕರು ಶುವೈಮಿಸ್‌ನಲ್ಲಿ 156, ಜುಬ್ಬಾದಲ್ಲಿ 193 ನಾಯಿಗಳನ್ನು ಎಣಿಸಿ 2017ರಲ್ಲಿ ಪ್ರಕಟಿಸಿದರು. ನಿಮಿರಿದ ಕಿವಿ, ಸುರುಳಿ ಬಾಲ. ಕೆಲವು ನಾಯಿಗಳ ಕತ್ತಿನಿಂದ ಬೇಟೆಗಾರನ ಸೊಂಟದವರೆಗೆ ಒಂದು ಗೆರೆ ಎಳೆದಿದೆ, ಹಗ್ಗದ ಹಾಗೆ. ದನಗಳ ಚಿತ್ರ ಮೇಲಿರುವುದರಿಂದ ಈ ನಾಯಿಗಳು ಪಶುಪಾಲನೆ ಅಲ್ಲಿಗೆ ಬರುವ ಮೊದಲಿನವು, ಎಂದರೆ 8,000 ವರ್ಷಗಳಷ್ಟು ಹಳೆಯವು ಎಂಬುದು ಅವರ ಅಂದಾಜು. ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ನಾಯಿ ಎಳೆದಲ್ಲಿಗೆ ಹೋಗುವವರನ್ನು ಕಂಡಾಗ, ಆ ಗೆರೆಯಲ್ಲಿ ಯಾರು ಯಾರನ್ನು ಹಿಡಿದಿದ್ದರೋ ಎಂದು ನನಗೆ ಅನುಮಾನ ಬರುವುದುಂಟು.

ಆದರೆ ಅಂದಾಜು ಅಂದಾಜೇ. ಅದು ಎಷ್ಟು ಜಾರಬಲ್ಲದು ಎಂಬುದಕ್ಕೆ ಉತ್ತರದ ಅಲ್-ಜೌಫ್ ಪ್ರಾಂತ್ಯದ ಒಂಟೆಗಳ ಕಥೆ ಸಾಕು. ಅಲ್ಲಿ ಮರಳುಗಲ್ಲಿನ ದಿಬ್ಬಗಳಲ್ಲಿ ಒಂಟೆ ಮತ್ತು ಕುದುರೆ ಜಾತಿಯ ಪ್ರಾಣಿಗಳನ್ನು ನಿಜ ಗಾತ್ರದಲ್ಲಿ ಉಬ್ಬುಶಿಲ್ಪಗಳಾಗಿ ಕಡೆದಿದ್ದಾರೆ. 2018ರಲ್ಲಿ ಇವು ವಿದ್ವತ್ ಲೋಕಕ್ಕೆ ಪರಿಚಯವಾದಾಗ, ಜೋರ್ಡನ್ನಿನ ಪೆಟ್ರಾದಲ್ಲಿರುವ ಒಂಟೆ ಶಿಲ್ಪಗಳನ್ನು ಹೋಲುತ್ತವೆಂದು ಸುಮಾರು 2,000 ವರ್ಷ ಹಳೆಯವು ಎಂದರು. ಹೋಲಿಕೆ ತುಂಬ ಮೋಹಕ ವಾದ, ನೋಡಿದವರೆಲ್ಲ ತಲೆಯಾಡಿಸುತ್ತಾರೆ. ಮೂರು ವರ್ಷಗಳ ನಂತರ ಕಲ್ಲಿನ ಸವೆತ, ಉಳಿ ಗುರುತುಗಳು, ಲೇಪದ ಮ್ಯಾಂಗನೀಸ್ ಮತ್ತು ಕಬ್ಬಿಣದ ಎಕ್ಸ್-ಕಿರಣ ಅಳತೆ, ಅಲ್ಲಿನ ಮಣ್ಣು, ಮೂಳೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿದಾಗ ವಯಸ್ಸು 7,000ದಿಂದ 8,000 ವರ್ಷಕ್ಕೆ ಏರಿತು. ಕಡೆದವರ ಕೈಯಲ್ಲಿದ್ದದ್ದು ಲೋಹದ ಉಳಿಯಲ್ಲ, ಕಲ್ಲಿನ ಉಪಕರಣ. ಅರೇಬಿಯಾದ ಒಂದೇ ಡುಬ್ಬದ ಒಂಟೆಯನ್ನು ಮನುಷ್ಯ ಪಳಗಿಸಿದ್ದು ಸುಮಾರು 3,000 ವರ್ಷಗಳ ಹಿಂದೆ. ಹಾಗಾದರೆ ಇವು ಆ ಜಾತಿಯ ಕಾಡು ಒಂಟೆಗಳು, ಇಂದು ಭೂಮಿಯ ಮೇಲೆ ಇಲ್ಲದ ಪ್ರಾಣಿಗಳು. ಉಬ್ಬಿದ ಕತ್ತು, ತುಂಬಿದ ಹೊಟ್ಟೆ ನೋಡಿ ಇವು ಬೆದೆಗಾಲದ ಗಂಡು ಒಂಟೆಗಳು, ಎಂದರೆ ಮಳೆ ಬೀಳುವ ಚಳಿಗಾಲದ ಚಿತ್ರ ಎಂದು ಸಂಶೋಧಕರು ಗುರುತಿಸಿದರು. ವ್ಯಾಪಾರದ ದಾರಿಯ ಸಾಕು ಒಂಟೆ ಎಂದುಕೊಂಡಿದ್ದು ಬೇಟೆಗಾರನ ಋತುಮಾನದ ಒಂಟೆಯಾಯಿತು. ವಯಸ್ಸು ಬದಲಾದರೆ ಅರ್ಥವೂ ಹೀಗೆ ಬುಡಮೇಲಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ 2025ರಲ್ಲಿ ಸಿಕ್ಕಿತು, ನಫೂದ್‌ನ ದಕ್ಷಿಣ ಅಂಚಿನ ಜಬಲ್ ಅರ್ನಾನ್, ಜಬಲ್ ಮಿಸ್ಮಾ ಮೊದಲಾದ ಬೆಟ್ಟಗಳಲ್ಲಿ. ಅಲ್ಲಿ ನಿಜ ಗಾತ್ರದ ಪ್ರಾಣಿಗಳೇ 130ರಷ್ಟಿವೆ, ಹೆಚ್ಚಿನವು ಒಂಟೆಗಳು. ಕೆಲವನ್ನು ನೆಲದಿಂದ 39 ಮೀಟರ್ ಎತ್ತರದ ಕಡಿದಾದ ಬಂಡೆಯಲ್ಲಿ, ಹಿಂದೆ ಸರಿದು ನೋಡಲೂ ಜಾಗವಿಲ್ಲದ ಕಡೆ ಕೆತ್ತಿದ್ದಾರೆ. ಸಂಶೋಧಕರು ಬಂಡೆಯನ್ನು ಬಿಟ್ಟು ಅದರ ಬುಡವನ್ನು ಅಗೆದರು. ಕೆತ್ತಲು ಬಳಸಿದ ಕಲ್ಲಿನ ಉಪಕರಣವೊಂದು ಮಣ್ಣಿನ ಪದರದಲ್ಲಿ ಸಿಕ್ಕಿತು.

ಆ ಮಣ್ಣಿಗೆ ಕಾಲ ಹೇಳಿಸುವ ವಿಧಾನ ಸೊಗಸಾಗಿದೆ. ಮಣ್ಣಿನಲ್ಲಿ ಹೂತ ಸ್ಫಟಿಕದ ಕಣ ಸುತ್ತಲಿನ ಸಹಜ ವಿಕಿರಣದಿಂದ ವರ್ಷವರ್ಷವೂ ಒಂದಿಷ್ಟು ಶಕ್ತಿಯನ್ನು ಒಳಗೆ ಹಿಡಿದಿಡುತ್ತದೆ. ಬಿಸಿಲು ತಾಗಿದರೆ ಅದೆಲ್ಲ ಖಾಲಿಯಾಗಿ ಲೆಕ್ಕ ಸೊನ್ನೆಗೆ ಬರುತ್ತದೆ. ಬೆಳಕು ತಾಗದಂತೆ ಕಣವನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳಕು ಹಾಯಿಸಿದಾಗ ಅದು ಮಿನುಗಿದಷ್ಟೂ ಕಾಲ ಹೂತಿತ್ತು ಎಂದರ್ಥ. ಈ ವಿಧಾನದಿಂದ ಹೊರಬಿದ್ದ ಉತ್ತರ: 12,800ರಿಂದ 11,400 ವರ್ಷಗಳ ಹಿಂದೆ.

ಈ ಅಂಕಿಯಲ್ಲೊಂದು ತೊಡಕಿದೆ. ಅರೇಬಿಯಾ ಹಸಿರಾಗಿದ್ದ ಕಾಲ ಶುರುವಾದದ್ದು ಇದಕ್ಕಿಂತ ಈಚೆಗೆ, ಸುಮಾರು 10,000 ವರ್ಷಗಳ ಹಿಂದೆ. ಈಗ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯಲ್ಲಿ. ಆಗ ಬರುತ್ತಿದ್ದದ್ದು ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ. ನೆಲ ಹೆಚ್ಚು ಕಾದು, ಬೇಸಿಗೆಯ ಮಳೆಪಟ್ಟಿ ಉತ್ತರಕ್ಕೆ ಸರಿದು, ಮರಳುಗಾಡಿನಲ್ಲಿ ಕೆರೆಗಳು ತುಂಬಿದವು. ಭೂಮಿಯ ಅಕ್ಷ ಮತ್ತು ಕಕ್ಷೆಯ ಈ ನಿಧಾನದ ಓಲಾಟಕ್ಕೆ ಸುಮಾರು 20,000 ವರ್ಷಗಳ ಸುತ್ತಿದೆ. ಒಂಟೆ ಕೆತ್ತಿದವರು ಆ ಸುಭಿಕ್ಷಕ್ಕೂ ಮೊದಲು, ಮಳೆ ಬಂದಾಗ ಮಾತ್ರ ನೀರು ನಿಲ್ಲುತ್ತಿದ್ದ ಹೊಂಡಗಳನ್ನು ನಂಬಿ ಬದುಕಿದ್ದರು. ಅಷ್ಟು ದೊಡ್ಡ ಚಿತ್ರಗಳು ನೀರಿನ ಜಾಗಕ್ಕೆ ಗುರುತು, ಹಕ್ಕಿನ ಸಾರುವಿಕೆ ಎಂಬುದು ಸಂಶೋಧಕರ ಊಹೆ. ಅಷ್ಟೊಂದು ಅಪಾಯಕ್ಕೆ ಮೈಯೊಡ್ಡಲು ನೀರಿಗಿಂತ ದೊಡ್ಡ ಕಾರಣ ನನಗೂ ಹೊಳೆಯುತ್ತಿಲ್ಲ.

ಇದೇ ಪ್ರಶ್ನೆಯನ್ನು ನಮ್ಮ ಬಳ್ಳಾರಿಗೂ ಒಯ್ಯಬಹುದು. ಸಂಗನಕಲ್ಲು ಪಕ್ಕದ ಕುಪ್ಪಗಲ್ಲಿನ ಗುಡ್ಡದಲ್ಲಿ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಹಿಣಿಲಿನ, ಉದ್ದ ಕೊಂಬಿನ ದನಗಳನ್ನು ಕುಟ್ಟಿ ಕೆತ್ತಿದ್ದಾರೆ. 1892ರಲ್ಲೇ ಇವುಗಳ ಬಗ್ಗೆ ಲೇಖನ ಬಂದಿತ್ತು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಬಡಿದು ಬಡಿದು ಆದ ಹಳೆಯ ಗುಳಿಗಳೂ ಇವೆ. ಇಲ್ಲಿ ಕಾಲ ಹೇಳಲು ನೆರವಾಗುವುದು ಸುತ್ತಲಿನ ಬೂದಿದಿಬ್ಬಗಳು. ರಾಕ್ಷಸನನ್ನು ಸುಟ್ಟ ಬೂದಿ ಎಂದು ಊರವರು ಕಥೆ ಹೇಳುವ ಇವು ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟದ್ದು. ಸುಟ್ಟದ್ದರಲ್ಲಿ ಇಂಗಾಲವಿದೆ, ಹಾಗಾಗಿ ತಾರೀಖಿದೆ: ನಾಲ್ಕರಿಂದ ಐದು ಸಾವಿರ ವರ್ಷ. ಬಂಡೆಯ ಮೇಲೆ ದನ, ಬಂಡೆಯ ಕೆಳಗೆ ಸಗಣಿ. ನೇರ ಪುರಾವೆಯಲ್ಲದಿದ್ದರೂ ಪೆಟ್ರಾದ ಹೋಲಿಕೆಗಿಂತ ಗಟ್ಟಿ. ಬುಡದ ಮಣ್ಣನ್ನು ಜಬಲ್ ಮಿಸ್ಮಾದಂತೆ ಕೆದಕಿ ನೋಡಬೇಕೆಂದರೆ ಬುಡ ಉಳಿದಿರಬೇಕು; ಜಲ್ಲಿಗಾಗಿ ಕಲ್ಲು ಒಡೆಯುವವರು ಆ ಗುಡ್ಡವನ್ನು ಆಗಲೇ ಒಂದಷ್ಟು ತಿಂದಿದ್ದಾರೆ.

ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬಳ್ಳಾರಿ. ಮೊದಲು ಬೆಳಗಿನ ಓರೆ ಬಿಸಿಲಿನಲ್ಲಿ ಗುಡ್ಡ ಹತ್ತಿ, ಗೀರುಗಳು ಚೆನ್ನಾಗಿ ಕಾಣುವುದು ಆಗಲೇ. ಬಿಸಿಲೇರಿದ ಮೇಲೆ ಊರಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿ. ಆ ಗುಡ್ಡಗಳ ಕಲ್ಲುಕೊಡಲಿ, ಮಡಕೆಗಳ ಪರಿಚಯ ಅಲ್ಲಾಗುತ್ತದೆ. ಫೋಟೊ ಚೆನ್ನಾಗಿ ಬರಲೆಂದು ಚಿತ್ರದ ಮೇಲೆ ಸೀಮೆಸುಣ್ಣ ಎಳೆಯುವುದು, ನೀರು ಚಿಮುಕಿಸುವುದು ಮಾತ್ರ ಬೇಡ. ನಾಳೆ ಯಾರಾದರೂ ಎಕ್ಸ್-ಕಿರಣ ಯಂತ್ರ ಹಿಡಿದು ಬಂದರೆ, ಅವರು ಅಳೆಯಬೇಕಾದದ್ದು ಅದೇ ಮೇಲ್ಪದರವನ್ನು.